ಜೇಸನ್ನೋ, ಡೇಟಾಬೇಸೋ? ಹತ್ತೇ ನಿಮಿಷದಲ್ಲಿ ತೀರ್ಮಾನಿಸಿ

ಮೈಸೂರಿನ ಎನ್‌ಐಇ, ಜೆಸಿಇ ಕಾಲೇಜುಗಳ ಫೈನಲ್ ಇಯರ್ ಪ್ರಾಜೆಕ್ಟ್ ಇರಲಿ, ಇಲ್ಲಿನ ಹೆಬ್ಬಾಳದ ಐಟಿ ಕ್ಯಾಂಪಸ್‌ನಲ್ಲಿ ಕೈಗೆ ಬಂದ ಮೊದಲ ಅಸೈನ್‌ಮೆಂಟ್ ಇರಲಿ, ವೆಬ್‌ಸೈಟ್ ಕಟ್ಟಲು ಕೂತ ಕೂಡಲೇ ಈ ಪ್ರಶ್ನೆ ಎದುರಾಗುತ್ತದೆ. ಡೇಟಾವನ್ನು ಜೇಸನ್, ಎಕ್ಸ್‌ಎಂಎಲ್ ಫೈಲಿನಲ್ಲಿ ಇಡಲೇ, ಮೈಎಸ್‌ಕ್ಯೂಎಲ್‌ನಂಥ ರಿಲೇಷನಲ್ ಡೇಟಾಬೇಸ್‌ಗೆ ಹಾಕಲೇ? ಅನುಮಾನಿಸುತ್ತಾ ವಾರ ಕಳೆಯುವುದು ಒಂದು ಚಟ. ಇವತ್ತೇ ಬಿಡಿ.

1. ಮೊದಲು ಪ್ರಶ್ನೆಯನ್ನೇ ಸರಿಪಡಿಸಿಕೊಳ್ಳಿ.
ಜೇಸನ್, ಎಕ್ಸ್‌ಎಂಎಲ್ ಪಾರ್ಸಲ್ ಇದ್ದಂತೆ, ಡೇಟಾಬೇಸ್ ಗೋಡೌನ್ ಇದ್ದಂತೆ. ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಸಾಗುವ ಡೇಟಾಗೆ ಫಾರ್ಮ್ಯಾಟ್ ಬೇಕು. ಒಂದೇ ಕಡೆ ಉಳಿದು ದಿನವೂ ಬದಲಾಗುವ ಡೇಟಾಗೆ ಡೇಟಾಬೇಸ್ ಬೇಕು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾಡೆಲ್ ಮುಂದಿಟ್ಟದ್ದು ಹಲವರು ಹಂಚಿಕೊಂಡು ಬಳಸುವ ದೊಡ್ಡ ಡೇಟಾಗಾಗಿ. 1998ರಲ್ಲಿ ಎಕ್ಸ್‌ಎಂಎಲ್ ಸ್ಟ್ಯಾಂಡರ್ಡ್ ಆದದ್ದು ವೆಬ್‌ನಲ್ಲಿ ದಾಖಲೆಗಳನ್ನು ಸಾಗಿಸಲು. ಹುಟ್ಟಿದ ಕಾರಣ ನೋಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

2. ಒಂದೇ ಹೊತ್ತಿಗೆ ಎಷ್ಟು ಜನ ಬರೆಯುತ್ತಾರೆ, ಎಣಿಸಿ.
ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶಿಯರಿಗಾಗಿ ರೂಮ್ ಬುಕಿಂಗ್ ಸೈಟ್ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಉಳಿದಿರುವುದು ಒಂದೇ ರೂಮ್. ಇಬ್ಬರು ಒಂದೇ ಕ್ಷಣದಲ್ಲಿ ‘ಬುಕ್’ ಒತ್ತುತ್ತಾರೆ. ಡೇಟಾ ಜೇಸನ್ ಫೈಲಿನಲ್ಲಿದ್ದರೆ ಎರಡೂ ರಿಕ್ವೆಸ್ಟ್‌ಗಳು ಹಳೇ ಫೈಲನ್ನೇ ಓದುತ್ತವೆ. ಎರಡಕ್ಕೂ ‘ಖಾಲಿ’ ಎಂದೇ ಕಾಣುತ್ತದೆ. ಎರಡೂ ಬರೆಯುತ್ತವೆ, ಆಮೇಲೆ ಬರೆದದ್ದು ಮೊದಲಿನದನ್ನು ಅಳಿಸಿಹಾಕುತ್ತದೆ. ಅಷ್ಟರಲ್ಲಿ ಇಬ್ಬರಿಗೂ ಕನ್ಫರ್ಮೇಷನ್ ಮೇಲ್ ಹೋಗಿ ಆಗಿದೆ! ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ ಶುರು ಮಾಡಿ, ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಬಳಸಿ ಆ ರೂಮಿನ ರೋ ಲಾಕ್ ಮಾಡಿ. ಎರಡನೆಯವರ ರಿಕ್ವೆಸ್ಟ್ ಕಾಯುತ್ತದೆ, ಲಾಕ್ ಬಿಟ್ಟಾಗ ‘ಭರ್ತಿ’ ಎಂದು ಓದುತ್ತದೆ. ಸೀಟು, ಸ್ಟಾಕ್, ದುಡ್ಡು: ಇವುಗಳಲ್ಲಿ ಒಂದಿದ್ದರೂ ಚರ್ಚೆ ಬೇಡ, ಡೇಟಾಬೇಸೇ ಸರಿ. ದಸರಾ ಗೋಲ್ಡ್ ಕಾರ್ಡ್‌ನಂಥ ಆನ್‌ಲೈನ್ ಮಾರಾಟಕ್ಕೂ ಇದೇ ಲೆಕ್ಕ.

3. ಇಡೀ ದಾಖಲೆಯನ್ನು ಹೊರಗಿನವರಿಗೆ ಕೊಡಬೇಕಾದರೆ ಫಾರ್ಮ್ಯಾಟ್ ಆರಿಸಿ.
ನಮ್ಮ ಮೈಸೂರಲ್ಲೇ ಒಳ್ಳೆಯ ಉದಾಹರಣೆ ಇದೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಮಾನಸಗಂಗೋತ್ರಿಯಲ್ಲಿದೆ. ಅದರ ಎಲ್‌ಡಿಸಿ-ಐಎಲ್ ಯೋಜನೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪಠ್ಯ ಕಾರ್ಪಸ್‌ಗಳನ್ನು ಯುನಿಕೋಡ್‌ನಲ್ಲಿ, ಎಕ್ಸ್‌ಎಂಎಲ್ ರೂಪದಲ್ಲಿ ಸಿದ್ಧಪಡಿಸಿದೆ. ಇದು ಜಾಣ ಆಯ್ಕೆ. ಪಠ್ಯ ಎಲ್ಲಿಗೆ ಹೋದರೂ ಅದರ ವಿವರಗಳು ಅದೇ ಫೈಲಿನಲ್ಲಿ ಜೊತೆಗಿರುತ್ತವೆ. ಪಡೆದವರು ಯಾವ ಸಾಫ್ಟ್‌ವೇರ್ ಬಳಸಿದರೂ ತೆರೆದು ಓದಬಹುದು. ಇಂಟರ್‌ವ್ಯೂನಲ್ಲಿ ಎಕ್ಸ್‌ಎಂಎಲ್ ಬಗ್ಗೆ ಕೇಳಿದರೆ ಇದನ್ನೇ ಹೇಳಿ. ಪುಸ್ತಕದ ವ್ಯಾಖ್ಯಾನ ಒಪ್ಪಿಸುವವರ ನಡುವೆ ನೀವು ಎದ್ದು ಕಾಣುತ್ತೀರಿ.

4. ತಾರೀಖನ್ನು ಜೇಸನ್ ನಂಬಿ ಬಿಡಬೇಡಿ.
ಜೇಸನ್‌ನಲ್ಲಿ ತಾರೀಖಿಗೆ ಪ್ರತ್ಯೇಕ ಟೈಪೇ ಇಲ್ಲ. 02-10-2025 ಎಂದು ಕಳಿಸಿದರೆ ನಮಗೆ ಅದು ಅಕ್ಟೋಬರ್ 2ರ ವಿಜಯದಶಮಿ, ಅಮೆರಿಕದ ಕ್ಲೈಂಟ್‌ಗೆ ಫೆಬ್ರುವರಿ 10. ಯಾವಾಗಲೂ 2025-10-02 ಎಂದೇ ಬರೆಯಿರಿ. ಡೇಟಾಬೇಸ್‌ನಲ್ಲಿ ಡೇಟ್ ಕಾಲಂ ಬಳಸಿ. ದುಡ್ಡಿಗೆ ಡೆಸಿಮಲ್ ಕೊಡಿ, ಫ್ಲೋಟ್ ಮುಟ್ಟಬೇಡಿ.

5. ಕನ್ನಡ ಹಾಕಿ ಟೆಸ್ಟ್ ಮಾಡಿ.
‘ಮೈಸೂರು’ ಎಂದು ಟೈಪ್ ಮಾಡಿ ನೋಡಿ. ಅದರಲ್ಲಿ 6 ಯುನಿಕೋಡ್ ಸಂಕೇತಗಳಿವೆ, ಯುಟಿಎಫ್-8ನಲ್ಲಿ 18 ಬೈಟ್. ಪೈಥಾನ್‌ನ ಜೇಸನ್ ಲೈಬ್ರರಿಗೆ ಹಾಗೇ ಕೊಟ್ಟರೆ ಬ್ಯಾಕ್‌ಸ್ಲ್ಯಾಶ್ ತುಂಬಿದ, ಸುತ್ತಲಿನ ಕೋಟ್ ಗುರುತು ಬಿಟ್ಟು 36 ಅಕ್ಷರಗಳ ಸಾಲು ಬರುತ್ತದೆ. ಡೇಟಾ ಕೆಟ್ಟಿಲ್ಲ, ಗಾಬರಿ ಬೇಡ. ‘ಎನ್ಶೂರ್ ಆಸ್ಕಿ’ ಸೆಟ್ಟಿಂಗ್ ಆಫ್ ಮಾಡಿ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8ಎಂಬಿ4’ ಆರಿಸಿ. ಹಳೇ ‘ಯುಟಿಎಫ್8’ನಲ್ಲಿ ಕನ್ನಡ ಕೂರುತ್ತದೆ, ಆದರೆ 4 ಬೈಟ್ ಕೇಳುವ ಇಮೋಜಿ ಕೂರುವುದಿಲ್ಲ. ಗ್ರಾಹಕರು ಇಮೋಜಿ ಇಲ್ಲದೆ ರಿವ್ಯೂ ಬರೆಯುವ ಕಾಲ ಮುಗಿದಿದೆ.

6. ಎರಡನ್ನೂ ಒಟ್ಟಿಗೆ ದುಡಿಸಿ.
ಪೋಸ್ಟ್‌ಗ್ರೆಸ್ ಡೇಟಾಬೇಸ್ 2014ರಲ್ಲೇ ಜೇಸನ್ ಇಡಲು ಜೇಸನ್‌ಬಿ ಕಾಲಂ ತಂದಿತು. ಮೈಸೂರು ಸಿಲ್ಕ್ ಸೀರೆ ಮಾರುವ ಸೈಟ್‌ನಲ್ಲಿ ಬೆಲೆ, ಸ್ಟಾಕ್ ಸಾಮಾನ್ಯ ಕಾಲಂಗಳಲ್ಲಿರಲಿ. ಬಣ್ಣ, ಜರಿ, ಬಾರ್ಡರ್‌ನಂತೆ ಸೀರೆಯಿಂದ ಸೀರೆಗೆ ಬದಲಾಗುವ ವಿವರ ಜೇಸನ್‌ನಲ್ಲಿರಲಿ. ಎಲ್ಲವನ್ನೂ ಜೇಸನ್‌ಗೆ ತುಂಬುವುದು ಸೋಮಾರಿತನ. ಪ್ರತಿ ಬಣ್ಣಕ್ಕೂ ಒಂದೊಂದು ಕಾಲಂ ಮಾಡುವುದು ವ್ಯರ್ಥ ಶ್ರಮ.

7. ಎಸ್‌ಕ್ಯೂಎಲೈಟ್‌ನಿಂದ ಶುರು ಮಾಡಿ.
ಸರ್ವರ್ ಬೇಡ, ದುಡ್ಡು ಬೇಡ, ಇಡೀ ಡೇಟಾಬೇಸ್ ಒಂದೇ ಫೈಲ್. ರೋ ಲಾಕ್ ಮಾಡುವ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಇದರಲ್ಲಿಲ್ಲ. ಒಮ್ಮೆಗೆ ಒಬ್ಬರೇ ಬರೆಯಬಹುದು, ಸಣ್ಣ ಸೈಟ್‌ಗೆ ಅಷ್ಟು ಸಾಕು. ಟ್ರಾಫಿಕ್ ಏರಿದ ಮೇಲೆ ಪೋಸ್ಟ್‌ಗ್ರೆಸ್‌ಗೆ ಹೋಗಿ. ಇವತ್ತು ಸಂಜೆಯೇ ಗ್ರಾಹಕ, ರೂಮ್, ಬುಕಿಂಗ್ ಎಂಬ ಮೂರು ಟೇಬಲ್ ಬರೆಯಿರಿ, ಫಾರಿನ್ ಕೀ ಕೊಡಿ, ಬುಕಿಂಗ್ ಪಟ್ಟಿಯನ್ನು ಜೇಸನ್ ಆಗಿ ಹೊರಗೆ ಕೊಡುವ ಒಂದು ಎಪಿಐ ಮಾಡಿ. ನಾಳೆ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಒಟ್ಟಿಗೆ ‘ಬುಕ್’ ಒತ್ತಿ, ಯಾರಿಗೆ ರೂಮ್ ಸಿಗುತ್ತದೆ ನೋಡಿ.