ಕೈಗೆ ಬಾರದ ಹಣದ ಲೆಕ್ಕ

ಯುಗಾದಿಯ ಸಾಯಂಕಾಲ ನಮ್ಮೂರಿನ ದೇವಸ್ಥಾನದಲ್ಲಿ ಪಂಚಾಂಗಶ್ರವಣ ನಡೆಯುವಾಗ ಪ್ರತಿಯೊಂದು ರಾಶಿಗೂ ಆಯವಿಷ್ಟು, ವ್ಯಯವಿಷ್ಟು ಎಂದು ಪುರೋಹಿತರು ಓದುತ್ತಿದ್ದುದನ್ನೂ, ವ್ಯಯದ ಅಂಕಿ ಆಯವನ್ನು ಮೀರಿದ ರಾಶಿಯವರು ಅಕ್ಕಪಕ್ಕದವರ ಮುಖ ನೋಡಿ ನಗುತ್ತಿದ್ದುದನ್ನೂ ಬಾಲ್ಯದಲ್ಲಿ ಕಂಡವನು ನಾನು. ಬೆಂಗಳೂರಿಗೆ ಬಂದು ಸಂಸಾರಸ್ಥನಾದ ಮೇಲೆ ಆ ಶ್ರವಣ ತಪ್ಪಿಹೋಯಿತು. ಆದರೆ ಮಗಳು ಹುಟ್ಟಿದ ತರುವಾಯ, ಅಂದರೆ ಈಗ್ಗೆ ನಾಲ್ಕು ವರ್ಷಗಳಿಂದ, ಹಬ್ಬದ ರಾತ್ರಿ ಮಗು ಮಲಗಿದ ಮೇಲೆ ನಾನೂ ನನ್ನ ಪತ್ನಿಯೂ ಊಟದ ಮೇಜಿಗೆ ಎದುರುಬದುರಾಗಿ ಕುಳಿತು, ಕಳೆದ ಸಂವತ್ಸರದ ನಮ್ಮ ಆಯವ್ಯಯವನ್ನು ನಾವೇ ಓದಿಕೊಳ್ಳುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಈ ಸಲದ ಯುಗಾದಿ 2025ರ ಮಾರ್ಚ್ 30, ಭಾನುವಾರ. ಮರುದಿನವೇ ಸರಕಾರದ ಹಣಕಾಸು ವರ್ಷದ ಕೊನೆ. ಕ್ರೋಧಿ ಸಂವತ್ಸರವೂ ತೆರಿಗೆಯ ವರ್ಷವೂ ಹೀಗೆ ಜೊತೆಜೊತೆಯಾಗಿ ಮುಗಿದುದರಿಂದ ಲೆಕ್ಕವೇನೋ ಸುಲಭವಾಯಿತು. ಬೇವುಬೆಲ್ಲದ ಉಪಮೆಯನ್ನು ಇಲ್ಲಿ ಎಳೆದು ತರುವುದಿಲ್ಲ. ಅದು ಸಾಕಷ್ಟು ಸವೆದಿದೆ.

ಸ್ವಂತದ ಸಂಕಲ್ಪಗಳ ಪುಟವನ್ನು ಬೇಗ ತಿರುವಿಹಾಕುತ್ತೇನೆ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ವರ್ಷಕ್ಕೊಂದರಂತೆ ಓದತಕ್ಕದ್ದೆಂದು ಮೂರು ವರ್ಷಗಳ ಹಿಂದೆ ಬರೆದಿಟ್ಟಿದ್ದೆ. ಆದಿಪರ್ವವೇ ಇನ್ನೂ ಮುಗಿದಿಲ್ಲ. ಬೆಳಗಿನ ನಡಿಗೆ ಮಳೆಗಾಲದವರೆಗೆ ನಡೆಯಿತು, ಮಳೆಗಾಲದಲ್ಲಿ ನಿಂತಿತು, ಮಳೆ ನಿಂತ ಮೇಲೂ ನಿಂತೇ ಇದೆ.

ಹಣದ ವಿಷಯಕ್ಕೆ ಬರುತ್ತೇನೆ. ನನ್ನ ತಂದೆಯವರು ಸಾಗರ ಸೀಮೆಯ ಸರಕಾರಿ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಸಂಬಳ ಬಂದ ದಿನ ರಾತ್ರಿ, ರಟ್ಟು ಹಾಕಿದ ಉದ್ದನೆಯ ಪುಸ್ತಕವೊಂದನ್ನು ತೆರೆದು, ಅಂಗಡಿಯ ಬಾಕಿ, ಅಕ್ಕಿ, ಬಸ್ಸು, ನಮ್ಮ ಪುಸ್ತಕ ಪೆನ್ಸಿಲುಗಳು, ಕೊನೆಗೆ ಅಂಚೆ ಕಚೇರಿಯ ಆರ್.ಡಿ. ಎಂದು ಅವರು ಬರೆಯುತ್ತಿದ್ದುದು ನನ್ನ ಪಾಲಿಗೆ ಹಣಕಾಸಿನ ಏಕಮಾತ್ರ ಶಾಸ್ತ್ರವಾಗಿದ್ದಿತು. ಆ ಪುಸ್ತಕದಲ್ಲಿ ಸಾಲವಿರಲಿಲ್ಲ, ವಿಲಾಸವಿರಲಿಲ್ಲ. ಕೈಗೆ ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಉಳಿಯುತ್ತಿದ್ದಿತು. ನಾನೂ ಹಾಗೆಯೇ ಬರೆದೆ, ಹಾಗೆಯೇ ಉಳಿಸಿದೆ. ಖಾಸಗಿ ಸಂಸ್ಥೆಯೊಂದರ ಸಂಬಳವು ತಂದೆಯವರ ಸಂಬಳಕ್ಕಿಂತ ಎಷ್ಟೋ ಮಿಗಿಲಾದುದರಿಂದ, ಅವರು ಗೆದ್ದ ಆಟದಲ್ಲಿ ನಾನು ಸೋಲುವುದೆಂತು ಎಂಬ ಧೈರ್ಯವೂ ಇದ್ದಿತು.

ಈ ಧೈರ್ಯದ ಮೇಲೆಯೇ 2022ರ ಮಾರ್ಚ್ ತಿಂಗಳಲ್ಲಿ, ತೆರಿಗೆ ಉಳಿತಾಯದ ಕಾಗದಗಳನ್ನು ಕಚೇರಿಗೆ ಸಲ್ಲಿಸಲು ಎರಡು ದಿನಗಳಿರುವಾಗ, ಬಳಗದವರೇ ಆದ ಏಜೆಂಟರೊಬ್ಬರು ಮನೆಗೆ ಬಂದು, ಕಾಫಿ ಕುಡಿದು, ಮಗುವಿನ ತಲೆ ಸವರಿ, ವರ್ಷಕ್ಕೆ 48,000 ರೂಪಾಯಿ ಕಂತಿನ ಪಾಲಿಸಿಯೊಂದಕ್ಕೆ ರುಜು ಹಾಕಿಸಿಕೊಂಡು ಹೋದರು. ಅವಧಿ ಮುಗಿದ ಮೇಲೆ ಬೋನಸ್ಸಿನೊಡನೆ ಹಣ ಮರಳಿ ಬರುತ್ತದೆ, ಮಧ್ಯೆ ನನಗೇನಾದರೂ ಆದರೆ 10 ಲಕ್ಷ ಸಿಗುತ್ತದೆ ಎಂಬುದು ಅದರ ತಿರುಳು. ಉಳಿತಾಯವೂ ಆಯಿತು, ವಿಮೆಯೂ ಆಯಿತು ಎಂದು ಹಿಗ್ಗಿದೆ. ನಮ್ಮ ಮನೆಯ ಎರಡು ವರ್ಷದ ಖರ್ಚಿಗೂ ಸಾಲದ 10 ಲಕ್ಷವನ್ನು ಹೆಂಡತಿ ಮಗಳ ರಕ್ಷಣೆಯೆಂದು ಕರೆಯಲು ನನಗೆ ಆಗ ನಾಚಿಕೆಯಾಗಲಿಲ್ಲ. ಭಾಗಿಸಿ ನೋಡಿದ್ದರಲ್ಲವೆ ನಾಚಿಕೆ!

ಕಣ್ಣು ತೆರೆದದ್ದು ಕಳೆದ ದೀಪಾವಳಿಯಲ್ಲಿ. ನಮ್ಮ ಕಡೆ ಅದನ್ನು ದೊಡ್ಡಹಬ್ಬವೆನ್ನುತ್ತಾರೆ. ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಹಳೆಯ ಕಾಗದಗಳನ್ನು ವಿಂಗಡಿಸುತ್ತಿರುವಾಗ ತಂದೆಯವರ ಲೆಕ್ಕದ ಪುಸ್ತಕಗಳ ಕೆಳಗೆ ಕೆ.ಜಿ.ಐ.ಡಿ. ಪಾಲಿಸಿಯ ಪತ್ರಗಳು ದೊರೆತವು. ಮೈಸೂರು ಸಂಸ್ಥಾನದ ಕಾಲದಲ್ಲಿ, 1891ರಲ್ಲಿ, ಸರಕಾರಿ ನೌಕರರ ಸಲುವಾಗಿ ಆರಂಭವಾದ ಆ ವಿಮಾ ಇಲಾಖೆಯ ಹೆಸರನ್ನು ನಾನು ಕೇಳಿರಲಿಲ್ಲವೆಂದಲ್ಲ. ಆದರೆ ತಂದೆಯವರ ಪುಸ್ತಕದ ಮೂವತ್ತು ವರ್ಷಗಳ ಪುಟಗಳಲ್ಲಿ ಎಲ್ಲಿಯೂ ಅದರ ಕಂತಿನ ನಮೂದನ್ನು ಕಂಡಿರಲಿಲ್ಲ. ಕೇಳಿದೆ. ಅವರು ಅಡಿಕೆ ಸುಲಿಯುತ್ತಿದ್ದ ಕೈಯನ್ನು ನಿಲ್ಲಿಸದೆಯೇ, “ಅದು ಸಂಬಳದಲ್ಲೇ ಮುರ್ಕೊಂಡು ಬರ್ತಿತ್ತಲ್ಲೋ. ಕೈಗೇ ಬಾರದ ದುಡ್ಡನ್ನ ಪುಸ್ತಕದಲ್ಲಿ ಬರೆಯೋದು ಹೇಗೆ?” ಎಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಂದೆಯವರ ಮಿತವ್ಯಯವನ್ನು ಅಕ್ಷರಶಃ ಅನುಸರಿಸಿದ ನಾನು, ಆ ಮಿತವ್ಯಯವು ಯಾವ ಗೋಡೆಗೆ ಒರಗಿ ನಿಂತಿದ್ದಿತೆಂಬುದನ್ನು ನೋಡಿಯೇ ಇರಲಿಲ್ಲ. ಕಡ್ಡಾಯ ವಿಮೆ, ನಿವೃತ್ತಿಯ ಮೇಲೆ ಪಿಂಚಣಿ, ಅವರು ಅಕಾಲದಲ್ಲಿ ಹೋಗಿದ್ದರೆ ಅಮ್ಮನಿಗೆ ಕುಟುಂಬ ಪಿಂಚಣಿ, ನಮ್ಮಲ್ಲೊಬ್ಬರಿಗೆ ಅನುಕಂಪದ ನೌಕರಿ: ಇವೆಲ್ಲ ಪುಸ್ತಕದ ಹೊರಗೇ ಇದ್ದು ಪುಸ್ತಕವನ್ನು ಕಾಯುತ್ತಿದ್ದವು. ಇಂದು ಸರಕಾರಿ ನೌಕರರಿಗೂ ಆ ಗೋಡೆ ಹಿಂದಿನಂತಿಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಹಳೆಯ ಪಿಂಚಣಿಯನ್ನು ಬಿಟ್ಟು ಎನ್.ಪಿ.ಎಸ್. ಎಂಬ ಹೊಸ ಪಿಂಚಣಿ ಯೋಜನೆಗೆ ಬಂದಿದ್ದಾರೆ. ನನ್ನಂಥವನಿಗಂತೂ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಸ್ವಂತ ಹಣದಿಂದ ಕೊಳ್ಳದೆ ಗತ್ಯಂತರವಿಲ್ಲ. ನಾನು ಕೊಂಡಿದ್ದುದಾದರೋ ಗೋಡೆಯ ಬಣ್ಣ ಬಳಿದ ಪರದೆ.

ಊರಿನಿಂದ ಬಂದವನೇ ಟರ್ಮ್ ವಿಮೆಗೆ ಅರ್ಜಿ ಹಾಕಿದೆ. ಅವಧಿ ಮುಗಿದರೆ ಒಂದು ಕಾಸೂ ಹಿಂದಿರುಗದ, ಮರಣಕ್ಕೆ ಮಾತ್ರ ಹಣ ಕೊಡುವ ಶುದ್ಧ ವಿಮೆ ಅದು. ಮೂವತ್ತೈದರ ವಯಸ್ಸಿನ, ಧೂಮಪಾನವಿಲ್ಲದ ನನಗೆ ಅರವತ್ತರವರೆಗೆ 1 ಕೋಟಿಯ ರಕ್ಷಣೆಗೆ ತೆರಿಗೆಯೂ ಸೇರಿ ವರ್ಷಕ್ಕೆ 16,000 ರೂಪಾಯಿ ಆಯಿತು. ಹೊಸ ಪಾಲಿಸಿ ಕೈಸೇರಿದ ಮೇಲೆಯೇ ಹಳೆಯದನ್ನು ಬಿಟ್ಟೆ. ಓದುಗರು ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಮೂರು ಕಂತುಗಳಲ್ಲಿ ನಾನು ಕಟ್ಟಿದ್ದು 1,44,000. ಸರೆಂಡರ್ ಮೌಲ್ಯವೆಂದು ಮರಳಿದ್ದು ಅದರ ನೂರಕ್ಕೆ 35ರಂತೆ 50,400. “ಇನ್ನೊಂದು ಕಂತು ಕಟ್ಟಿದರೆ ಅರ್ಧ ಹಣ ಸಿಗುತ್ತದೆ, ಆತುರವೇಕೆ?” ಎಂದು ಏಜೆಂಟರು ಹಿತವಾಗಿ ನುಡಿದರು. ನಾಲ್ಕು ಕಂತುಗಳ ಮೊತ್ತ 1,92,000, ಅದರ ಅರ್ಧ 96,000. ಅಂದರೆ 48,000 ಕಟ್ಟಿ 45,600ನ್ನು ಹೆಚ್ಚಿಗೆ ಪಡೆಯುವ ಉಪದೇಶ! ತೆರಿಗೆಯ ಆಸೆಗಾಗಿ ಕೊಂಡದ್ದೂ ವ್ಯರ್ಥವೇ ಆಯಿತೆನ್ನಬೇಕು. 2025ರ ಫೆಬ್ರವರಿಯ ಮುಂಗಡಪತ್ರದಂತೆ ಆ ಏಪ್ರಿಲಿನಿಂದ ಹೊಸ ಪದ್ಧತಿಯಲ್ಲಿ ನನ್ನಂಥ ಸಂಬಳದಾರರ 12.75 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ, ಆ ಪದ್ಧತಿಯಲ್ಲಿ ವಿಮೆಯ ಕಂತಿಗೆ ರಿಯಾಯಿತಿಯೂ ಇಲ್ಲ.

ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಯೊಂದು ಮಾತ್ರ ನಾನು ತಿಳಿದೋ ತಿಳಿಯದೆಯೋ ಸರಿಯಾಗಿ ಮಾಡಿದ ಕೆಲಸ. ವರ್ಷಕ್ಕೆ 60,000ದಂತೆ ಏಪ್ರಿಲ್ 5ರೊಳಗೆ ಒಟ್ಟಿಗೇ ಕಟ್ಟುತ್ತೇನೆ. 5ರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಎಣಿಸುವುದರಿಂದ 6ಕ್ಕೆ ಕಟ್ಟಿದವನು ಒಂದು ತಿಂಗಳ ಬಡ್ಡಿಯನ್ನು ಕಳೆದುಕೊಳ್ಳುತ್ತಾನೆ. 2025ರಲ್ಲಿದ್ದ ನೂರಕ್ಕೆ 8.2ರ ದರವೇ ಕೊನೆಯವರೆಗೆ ನಿಂತರೆ ಹದಿನೈದು ವರ್ಷ ಕಟ್ಟಿ, ಇಪ್ಪತ್ತೊಂದನೆಯ ವರ್ಷಕ್ಕೆ 28 ಲಕ್ಷದಷ್ಟಾಗುತ್ತದೆ. ಇದನ್ನು ಕೇಳಿದಾಗಲೆಲ್ಲ ನನ್ನ ಪತ್ನಿಗೆ ಸಂತೋಷವಾಗುತ್ತಿತ್ತು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಆ 28 ಲಕ್ಷ ಇಂದಿನ 8 ಲಕ್ಷಕ್ಕೆ ಸಮವೆಂದು ಈ ಸಲ ಹೇಳಿ ಆ ಸಂತೋಷವನ್ನು ಕೆಡಿಸಿದೆ.

ಅದಕ್ಕೆ ಪ್ರತಿಯಾಗಿಯೋ ಏನೋ, ಆಕೆ ಎದ್ದು ಹೋಗಿ ಅಡುಗೆಮನೆಯ ಗೋಡೆಯಿಂದ 2024ರ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೂ ಈ ವರ್ಷದ್ದನ್ನೂ ಬಿಚ್ಚಿ ತಂದು ನನ್ನ ಪುಸ್ತಕದ ಮೇಲೆ ಹರಡಿದಳು. ಗ್ಯಾಸ್ ಬಂದ ದಿನ, ಮಗುವಿಗೆ ಜ್ವರ ಬಂದ ದಿನ, ಹಾಲಿನವನ ಲೆಕ್ಕ, ಎಲ್ಲ ಅದರಲ್ಲಿಯೇ. “ಒಂದು ಪ್ಯಾಕೆಟ್ ಕಡಿಮೆ ಅಂತ ಗುರುತು ಹಾಕಿರೋ ದಿನಗಳನ್ನ ಎಣಿಸಿ ನೋಡ್ರೀ,” ಎಂದಳು. ಎಣಿಸಿದೆ, ಅರವತ್ತೊಂದು. ಕಚೇರಿಯ ಕೆಲಸದ ಮೇಲೆ ನಾನು ಪರಸ್ಥಳದಲ್ಲಿದ್ದ ದಿನಗಳೇ ಅವು. ನನ್ನ ಪುಸ್ತಕದಲ್ಲಿ ಆ ದಿನಗಳು ಪ್ರವಾಸಭತ್ಯೆಯಾಗಿ, ದಿನಕ್ಕೆ 1,200ರಂತೆ 73,200 ರೂಪಾಯಿಗಳ ಆಯವಾಗಿ, ಹಸುರು ಬಣ್ಣದಲ್ಲಿ ಶೋಭಿಸುತ್ತಿದ್ದವು. ಆಕೆಯ ಕ್ಯಾಲೆಂಡರಿನಲ್ಲಿ, ಉಳಿದ ಹಾಲಾಗಿ. ಆ ದಿನಗಳಲ್ಲಿ ಮಗಳು ಏನೇನು ಹೇಳಿದಳು, ಸೈಕಲ್ಲನ್ನು ಎಂದು ಕಲಿತಳು ಎಂಬುದು ಎರಡರಲ್ಲಿಯೂ ಇಲ್ಲ. ತಂದೆಯವರ ಮಾತು ಮತ್ತೊಮ್ಮೆ ನೆನಪಾಯಿತು. ಪತ್ನಿಯ ಮುಂದೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಸೋಮವಾರ ಬೆಳಗ್ಗೆ ನನ್ನ ಮೇಲಧಿಕಾರಿಗಳಿಗೆ ಪತ್ರ ಬರೆದು, ವರ್ಷಕ್ಕೆ ಮೂವತ್ತು ದಿನಕ್ಕಿಂತ ಹೆಚ್ಚಿನ ಪ್ರವಾಸ ನನ್ನಿಂದಾಗದೆಂದು ತಿಳಿಸಿದೆ. ಬಡ್ತಿಯ ಸರದಿಯಲ್ಲಿ ಇದರಿಂದ ಹಿಂದೆ ಬೀಳಬಹುದೆಂದು ಅವರು ಸೌಜನ್ಯದಿಂದಲೇ ಎಚ್ಚರಿಸಿದರು. ಬೀಳುವೆನೆಂದೇ ನಾನೂ ಭಾವಿಸಿದ್ದೇನೆ. ಹೊಸ ಪುಸ್ತಕದ ಮೊದಲನೆಯ ಪುಟದಲ್ಲಿ ವಿಶ್ವಾವಸು ಸಂವತ್ಸರದ ಅಂದಾಜು ಹೀಗಿದೆ: ಮೂವತ್ತೊಂದು ದಿನದ ಭತ್ಯೆ ತಪ್ಪಿದ್ದರಿಂದ ನಷ್ಟ 37,200, ಹಳೆಯ ಪಾಲಿಸಿಯ ಕಂತು ನಿಂತು ಹೊಸದು ಬಂದುದರಿಂದ ಉಳಿತಾಯ 32,000, ಕೊರತೆ 5,200. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಆ ಮೂವತ್ತೊಂದು ದಿನಗಳ ಪ್ಯಾಕೆಟ್ಟಿನ ಖರ್ಚನ್ನು ಹೊಸ ದರದಲ್ಲಿ ಬೇರೆಯಾಗಿ ಬರೆದಿದ್ದೇನೆ.