ವೆಬ್ಲಿ ರಿವಾಲ್ವರು: ಕೈಗೆಷ್ಟು, ಗುರಿಗೆಷ್ಟು?

ನ್ಯೂಟನ್ನನ ಮೂರನೆಯ ನಿಯಮವನ್ನು ಪಾಠಮಾಡುವಾಗ ಬಂದೂಕಿನ ಉದಾಹರಣೆಯನ್ನು ಕೊಡುವುದು ಅಧ್ಯಾಪಕರ ವಾಡಿಕೆ. ಗುಂಡು ಮುಂದಕ್ಕೆ ಹಾರುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಎರಡರ ಸಂವೇಗಗಳೂ ಸಮ. ಆದರೆ ಲೆಕ್ಕದಲ್ಲಿ ಬರುವ ಬಂದೂಕು ಯಾವ ಕಾರ್ಖಾನೆಯಲ್ಲಿಯೂ ತಯಾರಾದುದಲ್ಲ. ಭಾಗಾಕಾರ ಸುಲಭವಾಗಲೆಂದು ಅದರ ತೂಕ ಸರಿಯಾಗಿ 5 ಕಿಲೋಗ್ರಾಂ, ಗುಂಡಿನ ತೂಕ ಸರಿಯಾಗಿ 50 ಗ್ರಾಂ! ಈ ಸಲ ನಾವು ನಿಜವಾದ ಒಂದು ಆಯುಧವನ್ನೇ ತೆಗೆದುಕೊಂಡು ಲೆಕ್ಕಮಾಡಿ ನೋಡೋಣ. ಅದು 1887ರಿಂದ 1963ರವರೆಗೆ ಒಂದಲ್ಲ ಒಂದು ರೂಪದಲ್ಲಿ ಬ್ರಿಟಿಷ್ ಸೈನ್ಯದ ಸೇವೆಯಲ್ಲಿದ್ದ ವೆಬ್ಲಿ ರಿವಾಲ್ವರು. ಗುಂಡು ತಾಗಿದವನು ನಾಲ್ಕು ಮಾರು ಹಿಂದಕ್ಕೆ ಹಾರಿಬೀಳುವ ದೃಶ್ಯವನ್ನು ಚಲನಚಿತ್ರಗಳಲ್ಲಿ ಯಾರು ನೋಡಿಲ್ಲ? ಅದು ನಿಜವೇ ಎಂಬ ಪ್ರಶ್ನೆಗೂ ಈ ಲೆಕ್ಕದಲ್ಲಿಯೇ ಉತ್ತರವಿದೆ.

ವೆಬ್ಲಿಗೆ ಮುಂಚೆ, 1880ರಲ್ಲಿ, ಬ್ರಿಟಿಷ್ ಸೈನ್ಯವು ಸರ್ಕಾರದ ಎನ್‌ಫೀಲ್ಡ್ ಕಾರ್ಖಾನೆಯ ರಿವಾಲ್ವರನ್ನು ಸ್ವೀಕರಿಸಿತ್ತು. ಅದರ ನಳಿಗೆಯನ್ನು ಬಾಗಿಸಿದರೆ ಸುತ್ತುವ ಉರುಳೆಯು ಮುಂದಕ್ಕೆ ಸರಿದು, ಖಾಲಿ ತೋಟಾಗಳು ಹೊರಕ್ಕೆ ಉದುರಬೇಕಾಗಿತ್ತು. ಕೆಳಗಿನದು ಉದುರದೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿತ್ತು. ಮತ್ತೆ ತುಂಬುವಾಗಲಾದರೋ ಪಕ್ಕದ ಕಿಂಡಿಯ ಮೂಲಕ ಒಂದೊಂದೇ ತೋಟಾವನ್ನು ಹಾಕಬೇಕು. ಶತ್ರುವು ಎದುರಿಗಿರುವಾಗ ಇಷ್ಟು ಪುರುಸೊತ್ತು ಯಾರಿಗಿದ್ದೀತು?

ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯವರ ಮಾದರಿಯನ್ನು ಸೈನ್ಯವು 1887ರ ನವೆಂಬರಿನಲ್ಲಿ ‘ಮಾರ್ಕ್ 1’ ಎಂಬ ಹೆಸರಿನಿಂದ ಸ್ವೀಕರಿಸಿತು. ಇದರ ನಳಿಗೆ ಮತ್ತು ಉರುಳೆಗಳು ಒಂದು ಭಾಗ, ಹಿಡಿ ಮತ್ತು ಟ್ರಿಗರುಗಳು ಇನ್ನೊಂದು ಭಾಗ. ಇವೆರಡನ್ನೂ ಉರುಳೆಯ ಮುಂದೆ, ಕೆಳಗಡೆ, ಒಂದು ಕೀಲು ಜೋಡಿಸುತ್ತದೆ. ಉರುಳೆಯ ಹಿಂದೆ, ಮೇಲುಗಡೆ, ಕುದುರೆಯ ರಿಕಾಪಿನ ಆಕಾರದ ಒಂದು ಅಗುಳಿ ಬಿಗಿಹಿಡಿಯುತ್ತದೆ. ಎಡಗಡೆಯ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅಗುಳಿ ಬಿಡುತ್ತದೆ. ನಳಿಗೆಯನ್ನು ಕೆಳಕ್ಕೆ ಬಾಗಿಸುತ್ತಿದ್ದಂತೆ ಉರುಳೆಯ ನಡುವಿನಿಂದ ನಕ್ಷತ್ರಾಕಾರದ ಒಂದು ತಟ್ಟೆ ಮೇಲೆದ್ದು, ಆರೂ ತೋಟಾಗಳನ್ನು ಅಂಚಿನಲ್ಲಿ ಹಿಡಿದು ಒಟ್ಟಿಗೆ ಹೊರಕ್ಕೆಸೆಯುತ್ತದೆ. ಒಡನೆಯೇ ತಟಕ್ಕನೆ ಒಳಕ್ಕೆ ಕುಳಿತುಬಿಡುತ್ತದೆ. ಖಾಲಿಯಾದ ಆರು ಮನೆಗಳೂ ಕಣ್ಣೆದುರಿಗೇ ತೆರೆದಿರುವುದರಿಂದ ತುಂಬುವುದು ಸುಲಭ. ಟ್ರಿಗರನ್ನು ಎಳೆದಾಗ ನಡೆಯುವ ಕೆಲಸಗಳು ಎರಡು: ಸುತ್ತಿಗೆಯು ಹಿಂದಕ್ಕೆ ಬಾಗುತ್ತದೆ, ಜೊತೆಗೆ ಒಂದು ಕೊಕ್ಕೆಯು ಉರುಳೆಯ ಬೆನ್ನಿನ ಹಲ್ಲುಗಳಲ್ಲೊಂದನ್ನು ಮೇಲಕ್ಕೆ ತಳ್ಳಿ, ಅದನ್ನು ಒಂದು ಸುತ್ತಿನ ಆರನೆಯ ಒಂದು ಪಾಲಿನಷ್ಟು ತಿರುಗಿಸುತ್ತದೆ. ಮುಂದಿನ ತೋಟಾ ನಳಿಗೆಯ ನೇರಕ್ಕೆ ಬಂದು ನಿಂತ ಮೇಲೆಯೇ ಸುತ್ತಿಗೆ ಬೀಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಮೊದಲನೆಯ ಮಹಾಯುದ್ಧದ ನಡುವೆ, 1915ರ ಮೇ ತಿಂಗಳಿನಲ್ಲಿ ಬಂದ ಮಾರ್ಕ್ 6 ಮಾದರಿಯನ್ನು ತೆಗೆದುಕೊಳ್ಳುತ್ತೇವೆ. ಇದರ ತೂಕ ಸುಮಾರು 1.1 ಕಿಲೋಗ್ರಾಂ, ನಳಿಗೆಯ ಉದ್ದ 6 ಅಂಗುಲ, ಎಂದರೆ 15 ಸೆಂಟಿಮೀಟರು. ಇದರ .455 ತೋಟಾದ ಸೀಸದ ಗುಂಡು 265 ಗ್ರೇನ್, ಎಂದರೆ ಸುಮಾರು 17 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ ಸುಮಾರು 190 ಮೀಟರು ವೇಗದಿಂದ ಹೊರಡುತ್ತದೆ. ಇದು ಶಬ್ದದ ವೇಗಕ್ಕಿಂತ ಬಹಳ ಕಡಿಮೆ. ಗುಂಡಿನ ತೂಕವಾದರೋ ಹೆಚ್ಚು.

ಗುಂಡಿನ ಸಂವೇಗ 0.017 × 190, ಎಂದರೆ ಸುಮಾರು 3.2 ಕಿಲೋಗ್ರಾಂ ಮೀಟರು ಪ್ರತಿ ಸೆಕೆಂಡಿಗೆ. ರಿವಾಲ್ವರಿಗೂ ಅಷ್ಟೇ ಸಂವೇಗವು ಹಿಮ್ಮುಖವಾಗಿ ಬರಬೇಕಷ್ಟೆ. ಅದನ್ನು 1.1ರಿಂದ ಭಾಗಿಸಿದರೆ, ಸೆಕೆಂಡಿಗೆ ಸುಮಾರು 3 ಮೀಟರು ವೇಗದಲ್ಲಿ ಅದು ಕೈಯನ್ನು ಒದೆಯುತ್ತದೆಂದಾಯಿತು. (ನಳಿಗೆಯಿಂದ ಹೊರನುಗ್ಗುವ ಅನಿಲಗಳ ಸಂವೇಗವನ್ನು ಬಿಟ್ಟಿದ್ದೇವೆ, ಅದನ್ನು ಸೇರಿಸಿದರೆ ಒದೆತ ಇನ್ನಷ್ಟು ಹೆಚ್ಚು.) ಚಲನಶಕ್ತಿಯ ಕಥೆಯೇ ಬೇರೆ. ಗುಂಡಿನದು ಸುಮಾರು 310 ಜೂಲ್. ರಿವಾಲ್ವರಿನದು 5 ಜೂಲ್ ಮಾತ್ರ. ಸಂವೇಗವು ಇಬ್ಬರಿಗೂ ಸರಿಪಾಲು. ಶಕ್ತಿಯಲ್ಲಿ ಹಗುರನಾದವನಿಗೇ ಸಿಂಹಪಾಲು. ಶಕ್ತಿಯೂ ಸಮನಾಗಿ ಹಂಚಿಕೆಯಾಗುವಂತಿದ್ದರೆ ಈ ರಿವಾಲ್ವರನ್ನು ಹಾರಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಆ 310 ಜೂಲುಗಳನ್ನು 15 ಸೆಂಟಿಮೀಟರಿನ ದೂರದಲ್ಲಿ ಒದಗಿಸಬೇಕಾದರೆ ಗುಂಡಿನ ಮೇಲೆ ಬೀಳುವ ಸರಾಸರಿ ಬಲ ಸುಮಾರು 2000 ನ್ಯೂಟನ್, ಎಂದರೆ ಎರಡು ಕ್ವಿಂಟಲ್ ಭಾರ. ಗರಿಷ್ಠ ಬಲ ಇದಕ್ಕಿಂತ ಎಷ್ಟೋ ಹೆಚ್ಚು. ಇದೇ ಬಲವು ತೋಟಾದ ತಳವನ್ನು ಹಿಂದಕ್ಕೆ ತಳ್ಳಿ, ರಿವಾಲ್ವರಿನ ಎರಡು ಭಾಗಗಳನ್ನು ಬೇರ್ಪಡಿಸಲು ಹವಣಿಸುತ್ತದೆ. ಅದನ್ನು ತಡೆಯುವವು ಮೇಲಿನ ಅಗುಳಿ ಮತ್ತು ಕೆಳಗಿನ ಕೀಲು ಮಾತ್ರ. ನಡುವಿನಲ್ಲಿ ಮುರಿಯುವ ರಚನೆಗೆ ಮಿತವಾದ ಒತ್ತಡದ ತೋಟಾವೇ ತಕ್ಕುದೆಂಬುದು ಇದರಿಂದ ತಿಳಿಯುತ್ತದೆ.

ಗುಂಡು ನಳಿಗೆಯೊಳಗಿರುವ ಕಾಲ ಒಂದು ಸೆಕೆಂಡಿನ ಸಾವಿರದ ಎರಡು ಪಾಲಿಗಿಂತಲೂ ಕಡಿಮೆ. ಅಷ್ಟರಲ್ಲಿ ರಿವಾಲ್ವರು ಸರಿಯುವುದು ಎರಡೂವರೆ ಮಿಲಿಮೀಟರಿನಷ್ಟು. ನಳಿಗೆಯು ಹಿಡಿತಕ್ಕಿಂತ ಮೇಲಿರುವುದರಿಂದ ಒದೆತವು ಮೂತಿಯನ್ನು ಮೇಲಕ್ಕೆತ್ತುತ್ತದೆ. ನೋಡುವವರ ಕಣ್ಣಿಗೆ ಕಾಣುವ ಆ ನೆಗೆತದ ಬಹುಪಾಲು ಗುಂಡು ಹೊರಟುಹೋದ ಮೇಲಿನದು.

ವ್ಯರ್ಥವಾಗುವ ಈ ಒದೆತದಿಂದಲೇ ಕೆಲಸ ಮಾಡಿಸಬಾರದೇಕೆ ಎಂದು ಯೋಚಿಸಿದವನು ಕರ್ನಲ್ ಜಾರ್ಜ್ ಫಾಸ್ಬೆರಿ. ಭಾರತದ ವಾಯವ್ಯ ಗಡಿಯ 1863ರ ಕದನದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಅಧಿಕಾರಿ ಆತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ವೆಬ್ಲಿ–ಫಾಸ್ಬೆರಿ ರಿವಾಲ್ವರಿನಲ್ಲಿ ನಳಿಗೆಯೂ ಉರುಳೆಯೂ ಹಿಡಿಯ ಮೇಲೆ ಹಿಂದಕ್ಕೆ ಜಾರುತ್ತವೆ. ಉರುಳೆಯ ಮೈಮೇಲೆ ಕೊರೆದ ಅಂಕುಡೊಂಕು ಗಾಡಿಯಲ್ಲಿ ಒಂದು ಮೊಳೆ ಸಿಕ್ಕಿಕೊಂಡಿರುವುದರಿಂದ, ಜಾರಿ ಮರಳುವಷ್ಟರಲ್ಲಿ ಉರುಳೆ ಮುಂದಿನ ಮನೆಗೆ ತಿರುಗಿರುತ್ತದೆ, ಸುತ್ತಿಗೆಯೂ ಏರಿರುತ್ತದೆ. ಬಹು ಜಾಣತನದ ರಚನೆ. ಆದರೆ ಹಿಡಿತ ಸಡಿಲವಾದರೆ ಹಿಡಿಯೂ ಜೊತೆಗೇ ಹಿಂದೆ ಸರಿದು ಕೆಲಸ ಕೆಡುತ್ತಿತ್ತು. ಗಾಡಿಯೊಳಗೆ ಕೆಸರು ಸೇರಿದರೆ ಮುಗಿದೇಹೋಯಿತು. ಸೈನ್ಯವು ಇದನ್ನು ಅಧಿಕೃತವಾಗಿ ಸ್ವೀಕರಿಸಲಿಲ್ಲ.

ಈಗ ಗುರಿಯ ಕಡೆಗೆ ತಿರುಗೋಣ. ಆ 3.2ರ ಸಂವೇಗವೆಲ್ಲ 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ಸೇರಿತೆನ್ನೋಣ. ಅವನಿಗೆ ಬರುವ ವೇಗ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರು! ಆಮೆಯ ನಡಿಗೆಯೆನ್ನಬಹುದು. 160 ಗ್ರಾಂ ತೂಕದ ಕ್ರಿಕೆಟ್ ಚೆಂಡನ್ನು ಸೆಕೆಂಡಿಗೆ 20 ಮೀಟರು ವೇಗದಲ್ಲಿ ಎಸೆದರೆ ಅದರ ಸಂವೇಗವೂ 3.2. ಅಂತಹ ಚೆಂಡನ್ನು ಹಿಡಿದ ಆಟಗಾರ ಹಿಂದಕ್ಕೆ ಹಾರಿಬೀಳುವುದಿಲ್ಲ. ಗುಂಡಿಗೆ ಮನುಷ್ಯನನ್ನು ಹಿಂದಕ್ಕೆಸೆಯುವ ಸಾಮರ್ಥ್ಯವಿದ್ದರೆ, ಅದನ್ನು ಹಾರಿಸಿದವನೂ ಹಿಂದಕ್ಕೆ ಬೀಳಬೇಕಾಗುತ್ತಿತ್ತು. ಆದರೆ ಚೆಂಡಿನ ಚಲನಶಕ್ತಿ 32 ಜೂಲ್ ಮಾತ್ರ. ಗುಂಡಿನದು ಅದರ ಹತ್ತರಷ್ಟು. ಅಲ್ಲದೆ ಅದಷ್ಟೂ ಒಂದು ಸೆಂಟಿಮೀಟರಿಗಿಂತ ಸ್ವಲ್ಪವೇ ಅಗಲವಾದ ಜಾಗದಲ್ಲಿ ನುಗ್ಗುತ್ತದೆ. ಗುಂಡು ನೂಕುವುದಿಲ್ಲ, ಹರಿಯುತ್ತದೆ. ಮನುಷ್ಯ ಬೀಳುವುದು ನೂಕಿನಿಂದಲ್ಲ, ಗಾಯದಿಂದ.

ಸೈನ್ಯಾಧಿಕಾರಿಗಳಿಗೂ ಇದು ಅನುಭವದಿಂದ ಗೊತ್ತಾಗಿತ್ತೆಂದು ಕಾಣುತ್ತದೆ. ಶತ್ರುವನ್ನು ನಿಂತಲ್ಲಿಯೇ ತಡೆಯುವ ಗುಂಡು ಬೇಕೆಂಬ ಬೇಡಿಕೆ ಬಂದಾಗ ಅವರು ಸಂವೇಗವನ್ನು ಹೆಚ್ಚಿಸಲು ಹೋಗಲಿಲ್ಲ, ಗಾಯವನ್ನು ದೊಡ್ಡದುಮಾಡಲು ಹೊರಟರು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ .303 ರೈಫಲಿನ ಗುಂಡು ಸಾಲದೆಂಬ ದೂರು ಎದ್ದಿತು. ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ, ತುದಿಯ ಸೀಸವನ್ನು ತೆರೆದುಬಿಟ್ಟ ಗುಂಡು ಸಿದ್ಧವಾಯಿತು. ಮೈಯನ್ನು ಹೊಕ್ಕೊಡನೆ ಅದು ಅಣಬೆಯಂತೆ ಅರಳುತ್ತಿತ್ತು. 1898ರಲ್ಲಿ ವೆಬ್ಲಿಗೂ ಒಂದು ಹೊಸ ತೋಟಾ ಬಂದಿತು. ಅದರ ಗುಂಡಿಗೆ ಮೂತಿಯಲ್ಲಿ ಬಟ್ಟಲಿನಂತಹ ಕುಳಿ. ‘ಮ್ಯಾನ್‌ಸ್ಟಾಪರ್’ ಎಂದು, ಎಂದರೆ ಮನುಷ್ಯನನ್ನು ತಡೆಯುವಂಥದು ಎಂದು, ಯಾವ ಸಂಕೋಚವೂ ಇಲ್ಲದೆ ಅದಕ್ಕೆ ಹೆಸರಿಟ್ಟರು.

ಮರುವರ್ಷವೇ, 1899ರಲ್ಲಿ, ಹೇಗ್ ನಗರದ ಸಮ್ಮೇಳನವು ಮನುಷ್ಯದೇಹದಲ್ಲಿ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸುವ ಘೋಷಣೆಯನ್ನು ಹೊರಡಿಸಿತು. ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ಇದನ್ನು ವಿರೋಧಿಸಿದರು. ನಾಗರಿಕ ರಾಷ್ಟ್ರಗಳೊಡನೆ ಮಾಡುವ ಯುದ್ಧಕ್ಕೂ ‘ಅನಾಗರಿಕ’ರೊಡನೆ ಮಾಡುವ ಯುದ್ಧಕ್ಕೂ ಭೇದವಿದೆಯೆಂಬುದು ಅವರ ವಾದದ ಸಾರ. ಆ ಎರಡನೆಯ ಪಟ್ಟಿಯಲ್ಲಿ ಅಂದಿನ ಭಾರತದ ಗಡಿಯ ಜನರೂ ಇದ್ದರೆಂಬುದನ್ನು ನಾವು ಮರೆಯುವಂತಿಲ್ಲ. ಮ್ಯಾನ್‌ಸ್ಟಾಪರ್ 1900ರಲ್ಲಿ ಸೇವೆಯಿಂದ ಹೊರಬಿದ್ದಿತು. ಬ್ರಿಟನ್ ಆ ಘೋಷಣೆಗೆ ಸೇರಿದುದು 1907ರಲ್ಲಿ.

ಮೊದಲನೆಯ ಮಹಾಯುದ್ಧವು ಕಲಿಸಿದ ಪಾಠ ಕೈಗೆ ಸಂಬಂಧಿಸಿದುದು. ಅಲ್ಪಕಾಲದ ತರಬೇತಿ ಪಡೆದ ಸೈನಿಕನಿಗೆ ಭಾರವಾದ .455 ರಿವಾಲ್ವರನ್ನು ನಿಭಾಯಿಸುವುದು ಕಷ್ಟ. ಆದುದರಿಂದ .38 ಅಂಗುಲದ, 200 ಗ್ರೇನ್ ಗುಂಡಿನ ಹಗುರವಾದ ರಿವಾಲ್ವರನ್ನು ಆರಿಸಿದರು. ವೇಗ ಹೆಚ್ಚುಕಡಿಮೆ ಮೊದಲಿನಷ್ಟೇ. ಸಂವೇಗ ಸುಮಾರು 2.5. ವೆಬ್ಲಿಯವರು ಮಾದರಿಯನ್ನು ಒದಗಿಸಿದರು. ಸರ್ಕಾರವು ಅದನ್ನೇ ಸ್ವಲ್ಪ ಬದಲಿಸಿ ಎನ್‌ಫೀಲ್ಡಿನಲ್ಲಿ ತಾನೇ ತಯಾರಿಸಿ, 1932ರಲ್ಲಿ ಸ್ವೀಕರಿಸಿತು. ವೆಬ್ಲಿಯವರು 2,250 ಪೌಂಡು ಕೇಳಿ ದಾವೆ ಹೂಡಿದರು, ದಾವೆ ಬಿದ್ದುಹೋಯಿತು. ಕೊನೆಗೆ ಸಂಶೋಧಕರಿಗೆ ಪುರಸ್ಕಾರ ಕೊಡುವ ಆಯೋಗದಿಂದ 1,250 ಪೌಂಡು ದೊರೆಯಿತು. 1938ರಲ್ಲಿ ಸುತ್ತಿಗೆಯ ಬಾಲವನ್ನೂ ಕತ್ತರಿಸಿದರು, ಟ್ಯಾಂಕಿನೊಳಗೆ ಹತ್ತಿಳಿಯುವಾಗ ಅದು ಸಿಕ್ಕಿಕೊಳ್ಳುತ್ತಿದ್ದುದರಿಂದ. ಇದೇ ಸುಮಾರಿಗೆ ಹೇಗ್ ಘೋಷಣೆಯ ಅಂಜಿಕೆಯಿಂದ ಬರಿಯ ಸೀಸದ ಗುಂಡನ್ನು ಬಿಟ್ಟು, ಲೋಹದ ಕವಚವುಳ್ಳ 178 ಗ್ರೇನ್ ಗುಂಡನ್ನು ತಂದರು.

ಎರಡನೆಯ ಮಹಾಯುದ್ಧದಲ್ಲಿ ರಿವಾಲ್ವರುಗಳ ಅಭಾವ ಬಂದಾಗ ಸರ್ಕಾರವು ಮತ್ತೆ ವೆಬ್ಲಿಯವರ ಬಾಗಿಲಿಗೇ ಹೋಗಿ, ಅವರ .38 ಮಾರ್ಕ್ 4 ಮಾದರಿಯನ್ನು ಕೊಂಡಿತು. ಸೈನ್ಯವು 1954ರಲ್ಲಿ ಬ್ರೌನಿಂಗ್ ಪಿಸ್ತೂಲನ್ನು ಸ್ವೀಕರಿಸಿದ ಮೇಲೂ ಇದು ಕೆಲವು ವರ್ಷ ಉಳಿದಿತ್ತು. ನಮ್ಮ ಕಾನ್ಪುರದ ಸ್ಮಾಲ್ ಆರ್ಮ್ಸ್ ಕಾರ್ಖಾನೆಯಲ್ಲಿ ನಾಗರಿಕರಿಗಾಗಿ ತಯಾರಾದ .32 ರಿವಾಲ್ವರು ಈ ಮಾರ್ಕ್ 4ರ ವಂಶದ್ದೇ. ತೋಟಾ ಚಿಕ್ಕದಾದರೂ, ನಡುವಿನಲ್ಲಿ ಮುರಿಯುವ ಅದೇ ಕೀಲು, ಮೇಲುಗಡೆ ಅದೇ ಅಗುಳಿ.