ಗಣಿಯ ನೆರೆಯ ಹೊಲವನ್ನು ಕೊಳ್ಳುವವರಿಗೆ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿಯೇ ಮುಚ್ಚಿಹೋದುವಾದರೂ, ನೂರಕ್ಕೂ ಮಿಕ್ಕ ವರ್ಷಗಳ ಕಾಲ ಭೂಗರ್ಭದಿಂದ ಮೇಲೆತ್ತಿ, ಅರೆದು, ಸೈನೈಡಿನಿಂದ ಹೊನ್ನನ್ನು ಬೇರ್ಪಡಿಸಿ ಬಿಸುಟ ಅದಿರಿನ ಪುಡಿಯು ಇಂದಿಗೂ ದೊಡ್ಡ ದಿಬ್ಬಗಳಾಗಿ ನಿಂತಿದ್ದು, ಬೇಸಗೆಯ ಗಾಳಿಗೆ ಧೂಳಾಗಿ ಹಾರುತ್ತ, ಮಳೆಗಾಲದಲ್ಲಿ ಕೆಸರಾಗಿ ಹರಿಯುತ್ತ ನೆರೆಯ ನೆಲವನ್ನು ಸೇರುತ್ತಿದೆ. ಇಂಥ ಪ್ರದೇಶದಲ್ಲಿ ಜಮೀನು ಅಗ್ಗಕ್ಕೆ ದೊರೆಯಿತೆಂದು ಹಿಗ್ಗುವ ಮಿತ್ರರು, ಪಹಣಿಯನ್ನೂ ಋಣಭಾರ ಪತ್ರವನ್ನೂ ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಮಣ್ಣುನೀರುಗಳನ್ನು ಪರೀಕ್ಷಿಸಬೇಕೆಂಬುದು ನನ್ನ ಕಳಕಳಿಯ ವಿಜ್ಞಾಪನೆ.

ಸಾಮಾನ್ಯ ಮಣ್ಣು ಪರೀಕ್ಷೆಯು ಸಾರಜನಕ, ರಂಜಕ, ಪೊಟ್ಯಾಷುಗಳ ಪ್ರಮಾಣವನ್ನು ತಿಳಿಸುವುದೇ ಹೊರತು ವಿಷಧಾತುಗಳ ಸುಳಿವನ್ನು ಕೊಡುವುದಿಲ್ಲವಾದುದರಿಂದ, ಆರ್ಸೆನಿಕ್, ಸೀಸ, ಕ್ಯಾಡ್ಮಿಯಂಗಳನ್ನು ಹೆಸರಿಸಿಯೇ ಕೇಳತಕ್ಕದ್ದು. ಮಾದರಿಯನ್ನು ದಿಬ್ಬದ ಕಡೆಯ ಬದುವಿನಿಂದಲೂ, ಮಳೆಯ ನೀರು ತಂಗುವ ತಗ್ಗಿನಿಂದಲೂ ಬೇರೆಬೇರೆಯಾಗಿ ತೆಗೆಯುವುದು ಲೇಸು.

ಕೊಳವೆಬಾವಿಯ ನೀರು ತಿಳಿಯಾಗಿದೆಯೆಂದು ನಂಬಿಬಿಡಬೇಡಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕು ಲೀಟರಿಗೆ 0.01 ಮಿಲಿಗ್ರಾಮನ್ನು ಮೀರಕೂಡದು. ಮೀರಿದರೂ ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಅದು ನಾಶವಾಗದು, ನೀರು ಆವಿಯಾದಷ್ಟೂ ಸಾಂದ್ರವಾಗುವುದು. ನಿಂತ ನೀರಿನಲ್ಲಿ ಬೆಳೆಯುವ ಭತ್ತವು ಇತರ ಧಾನ್ಯಗಳಿಗಿಂತ ಸುಲಭವಾಗಿ ಅದನ್ನು ಹೀರಿಕೊಳ್ಳುತ್ತದೆ. ಸೊಪ್ಪುಗಳಾದರೋ ಕ್ಯಾಡ್ಮಿಯಮನ್ನು ಎಲೆಗಳಲ್ಲಿ ಕೂಡಿಡುತ್ತವೆ. ಆ ಅನ್ನ, ಆ ಸಾರು ಮನೆಯ ಮಕ್ಕಳಿಗೆ ನಿತ್ಯವೂ ಬಡಿಸುವಂಥವು.

ಮಾರುವವರು ಎಷ್ಟೇ ಅವಸರಪಡಿಸಲಿ, ವರದಿ ಪ್ರತಿಕೂಲವಾದ ಪಕ್ಷದಲ್ಲಿ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಹಣವನ್ನು ಕೊಡಿ.